ನಿಧಾನದ ಕಾರ್ಡು

ಮದುವೆಗಳ ವಿಡಿಯೊ ತೆಗೆಯುವ ವಿರೂಪಾಕ್ಷ, ಜಿಬಿ ಜಾಸ್ತಿಯಿದೆ ಎಂದು ಹೊಸ ಮೆಮೊರಿ ಕಾರ್ಡು ಕೊಂಡಿದ್ದ. ಅದರ ವೇಗ ಎಷ್ಟೆಂದು ಮಾತ್ರ ನೋಡಿರಲಿಲ್ಲ. ವರ ತಾಳಿ ಎತ್ತಿದ ಹೊತ್ತಿಗೇ ಕ್ಯಾಮೆರಾ ನಿಂತುಹೋಯಿತು.

"ಒಂದ್ನಿಮಿಷ ಕಟ್ಬೇಡಿ ಸಾರ್! ಕಾರ್ಡ್ ತುಂಬಾ ಸ್ಲೋ, ರೆಕಾರ್ಡೇ ಆಗ್ತಿಲ್ಲ!"

ಗಟ್ಟಿಮೇಳ ನಿಂತಿತು. ಪುರೋಹಿತರು ಮುಹೂರ್ತ ಮೀರುತ್ತದೆಂದು ಗದರಿದರು. ವಿರೂಪಾಕ್ಷ ತಲೆ ತಗ್ಗಿಸಿ, ಬೆವರುತ್ತ ಹಳೆಯ ಕಾರ್ಡು ಹಾಕತೊಡಗಿದ. ಅಷ್ಟರಲ್ಲಿ ವಧು ವರನ ಕಡೆ ಬಾಗಿದಳು.

"ನಿಜ ಹೇಳಿ, ನಿಮ್ಗೆ ಈ ಮದ್ವೆ ಇಷ್ಟ ಇದ್ಯಾ?"

"ಇಲ್ಲ ಕಣ್ರೀ, ನಮ್ಮಪ್ಪನ ಬಲವಂತ. ನಿಮ್ಗೆ?"

"ನನ್ಗೂ ಇಲ್ಲ."

ಕಾರ್ಡಿನ ಗಡಿಬಿಡಿಯಲ್ಲಿ ಈ ಮಾತು ವಿರೂಪಾಕ್ಷನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಕೊನೆಗೂ ಕ್ಯಾಮೆರಾದ ಕೆಂಪು ದೀಪ ಹತ್ತಿತು.

"ಈಗ ಕಟ್ಟಿ ಸಾರ್!" ಎಂದು ಹಿಗ್ಗಿನಿಂದ ಕೂಗಿ ಪರದೆ ನೋಡಿದರೆ, ಹಸೆಮಣೆಯ ಮೇಲೆ ತಾಳಿಯೊಂದೇ ಕೂತಿತ್ತು.