ಸುಮ್ಮನಾದ ಚಾವಣಿಗಳು

“ಅಮ್ಮಾ, ನಮ್ಮ ಬೀದಿ ಲೈನ್ ಆಫ್ ಮಾಡಿಸ್ತಿದ್ದೀನಿ, ಕಂಬ ಹತ್ತಬೇಕು. ಫ್ಯಾನ್ ನಿಂತ್ರೆ ಗಾಬರಿ ಆಗಬೇಡ,” ಎಂದು ಲೈನ್‌ಮನ್ ಮಗ ಫೋನಿನಲ್ಲಿ ಹೇಳಿದ್ದೇ ತಡ, ತಾಯಿ ಸುಲಿಯುತ್ತಿದ್ದ ಬಟಾಣಿಯನ್ನು ಪಕ್ಕಕ್ಕೆ ತಳ್ಳಿದಳು.

“ನಿನ್ನ ಗಂಡನಿಗೆ ಸ್ವಲ್ಪ ಬುದ್ಧಿ ಹೇಳೇ,” ಎಂದು ಸೊಸೆಯ ಮೇಲೆ ಹರಿಹಾಯ್ದಳು. “ಮೊದಲಾದ್ರೆ ಕರೆಂಟು ಒಂದೇ ಕಡೆಯಿಂದ ಬರ್ತಿತ್ತು, ಆಫ್ ಮಾಡಿದ್ರೆ ಮುಗೀತು. ಈಗ ನೀವು ಕಂಡಕಂಡ ಚಾವಣಿ ಮೇಲೆಲ್ಲ ಸೋಲಾರ್ ಕೂರಿಸಿದ್ದೀರಿ. ಈ ಮಟಮಟ ಮಧ್ಯಾಹ್ನ ಅಷ್ಟೂ ಮನೆಯವರು ಅದೇ ತಂತಿಗೆ ಕರೆಂಟು ಬಿಡ್ತಿದ್ದಾರೆ. ಯಾವ ಪುಣ್ಯಾತ್ಮ ಆಫ್ ಮಾಡೋಕೆ ಮರೀತಾನೋ!”

ಅವಳ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅವಳ ಗಂಡನೂ ಲೈನ್‌ಮನ್ ಆಗಿದ್ದವನೇ. ಆಫ್ ಆಗಿದ್ದ ಲೈನಿಗೆ ಯಾವುದೋ ಅಂಗಡಿಯ ಜನರೇಟರ್‌ನಿಂದ ಕರೆಂಟು ನುಗ್ಗಿ, ಕಂಬದಿಂದ ಬಿದ್ದವನು ಮತ್ತೆ ಏಳಲಿಲ್ಲ.

ಆ ಸೋಲಾರ್‌ಗಳನ್ನೆಲ್ಲ ಮನೆಯಲ್ಲೇ ಕೂತು ಫೋನಿನಲ್ಲಿ ನೋಡಿಕೊಳ್ಳುವುದು ಸೊಸೆಯ ಉದ್ಯೋಗ. “ಯಾರೂ ಆಫ್ ಮಾಡಬೇಕಿಲ್ಲ ಅತ್ತೆ. ತಂತಿಯಲ್ಲಿ ಕರೆಂಟು ಹೋದ ತಕ್ಷಣ ಅವೇ ನಿಂತುಬಿಡ್ತವೆ. ಪ್ರತಿ ಮನೆಯಲ್ಲೂ ಸಿಮ್ಮು, ಬ್ಯಾಟರಿ ಇರೋ ಒಂದು ಪುಟ್ಟ ಪೆಟ್ಟಿಗೆ ಇಟ್ಟಿದ್ದೀವಿ. ನಿಂತೆ ಅಂತ ಅದೇ ಮೆಸೇಜ್ ಹಾಕತ್ತೆ. ಬೀದಿಯವರೆಲ್ಲ ಇರೋ ಗ್ರೂಪು ಇದು, ತಗೊಳ್ಳಿ, ನೀವೇ ನೋಡಿ.”

“ಬಾಯಲ್ಲಿ ಹೇಳೋಕೇನು, ಯಾರು ಬೇಕಾದ್ರೂ ಹೇಳ್ತಾರೆ,” ಎಂದು ಗೊಣಗುತ್ತಲೇ ಅತ್ತೆ ಫೋನ್ ತೆಗೆದುಕೊಂಡು ಕನ್ನಡಕ ಏರಿಸಿದಳು.

ಫ್ಯಾನ್ ನಿಂತಿತು. ಟಣ್ ಟಣ್ ಎಂದು ಮೆಸೇಜುಗಳು ಒಂದರ ಹಿಂದೊಂದು ಬಿದ್ದವು. ದರ್ಜಿ ಮನೆ: ನಿಂತಿದೆ. ಮೂಲೆಮನೆ ಮೇಷ್ಟ್ರು: ನಿಂತಿದೆ. ಹಲ್ಲಿನ ಡಾಕ್ಟರು: ನಿಂತಿದೆ. ಎಲ್ಲರದೂ ಬಂತು, ಬೇಕರಿಯದು ಮಾತ್ರ ಇಲ್ಲ.

“ಬೇಕರಿ ಎಲ್ಲೇ? ಬೇಕರಿ!” ಅತ್ತೆ ಫೋನನ್ನು ಸೊಸೆಯ ಮುಖದ ಮುಂದೆ ಹಿಡಿದಳು. ಸೊಸೆ ಬೇರೆ ಫೋನು ಎತ್ತಿಕೊಂಡು, “ರೀ, ಹತ್ತಬೇಡಿ, ಇನ್ನೂ ಒಂದು ಬಾಕಿ ಇದೆ,” ಎಂದಳು. “ತಂತಿ ಟೆಸ್ಟ್ ಮಾಡದೆ ನಾನೆಲ್ಲಿ ಹತ್ತುತ್ತೀನಿ ಮಾರಾಯ್ತಿ,” ಎಂದ ಅವನು. ಆದರೂ ಕೆಳಗೇ ನಿಂತ.

ಟಣ್. ಬೇಕರಿ: ನಿಂತಿದೆ.

“ಅಬ್ಬ! ನೆಟ್‌ವರ್ಕ್ ನಿಧಾನ ಅಷ್ಟೇ ಅತ್ತೆ. ಮೆಸೇಜಿನೊಳಗೆ ನಿಂತ ಹೊತ್ತು ಬರೆದಿರತ್ತೆ, ನೋಡಿ.”

ಅತ್ತೆ ನೋಡಿದಳು. ದರ್ಜಿಯದು, ಮೇಷ್ಟ್ರದು, ಬೇಕರಿಯದು, ಎಲ್ಲವೂ ಅದೇ ಗಳಿಗೆ, ಅದೇ ಸೆಕೆಂಡು. ಯಾರೂ ಯಾರಿಗೂ ಹೇಳಿ ಕಳಿಸಿರಲಿಲ್ಲ. ಕಿಟಕಿಗೆ ಬಂದು ನಿಂತಳು. ಬಿಸಿಲು ಬೆಂಕಿಯಂತೆ ಸುರಿಯುತ್ತಿತ್ತು. ಅಷ್ಟೂ ಚಾವಣಿಗಳು ಅದನ್ನು ಮೈತುಂಬ ಹೊತ್ತುಕೊಂಡು, ತೊಟ್ಟು ಕರೆಂಟನ್ನೂ ಹೊರಗೆ ಬಿಡದೆ ಸುಮ್ಮನಿದ್ದವು. ಬೀದಿಯ ಕೊನೆಯ ಕಂಬದ ತುದಿಯಲ್ಲಿ ಮಗ ತಂತಿಗೆ ಕೈ ಹಾಕಿದ್ದ. ಇಷ್ಟು ದಿನ ಶಪಿಸುತ್ತಿದ್ದ ಆ ಕಪ್ಪು ಹಲಗೆಗಳ ಮೇಲೆ ಅವಳಿಗೆ ಪ್ರೀತಿಯೇ ಉಕ್ಕಿತು.

ಅಷ್ಟರಲ್ಲಿ ಗ್ರೂಪಿನಲ್ಲಿ ಬೇಕರಿಯವನೇ ಕೂಗಾಡತೊಡಗಿದ: “ಇಷ್ಟು ಬಿಸಿಲಿದ್ರೂ ನನ್ನ ಸೋಲಾರ್ ಯಾಕೆ ದಂಡಕ್ಕೆ ಕೂತಿದೆ? ಓವನ್ನಲ್ಲಿ ಬ್ರೆಡ್ ಅರ್ಧಂಬರ್ಧ ಬೆಂದಿದೆ!”

ಉತ್ತರ ಬರೆಯಲು ಸೊಸೆ ಕೈ ಚಾಚಿದಳು. ಅತ್ತೆ ಫೋನ್ ಕೊಡಲಿಲ್ಲ. ಮೈಕಿನ ಗುರುತನ್ನು ಒತ್ತಿ ಹಿಡಿದು, ಬಾಯಿಯ ಹತ್ತಿರ ತಂದುಕೊಂಡಳು.

“ದಂಡಕ್ಕೆ ಕೂತಿಲ್ಲ ಕಣಪ್ಪಾ. ನನ್ನ ಮಗ ಕಂಬದ ಮೇಲಿದ್ದಾನೆ. ಅವನು ಇಳೀಲಿ ಅಂತ ಕಾಯ್ತಿದೆ.”

ಆಮೇಲೆ ಬೇಕರಿಯವನ ಮೆಸೇಜು ಬಂತು.

“ಅವಸರ ಇಲ್ಲ ಅಮ್ಮ. ನಿಧಾನವಾಗಿ ಇಳೀಲಿ.”