ಮೂರು ಡೋಸು ಗೊಬ್ಬರ

ಊರಿನಿಂದ ಬಂದಿಳಿದ ಕ್ಲೊಟಿಲ್ಡಾ ಚಪ್ಪಲಿ ಬಿಚ್ಚುವ ಮೊದಲೇ ಮನಿಪ್ಲಾಂಟಿನ ಕುಂಡಕ್ಕೆ ಬೆರಳು ಹಾಕಿದಳು. ನಲವತ್ತೈದು ದಿನದ ರಜೆ ಮುಗಿಸಿ ಬಂದವಳು ಮೊದಲು ಗಂಡನ ಮುಖ ನೋಡಬೇಕಿತ್ತು ನಿಜ. ಆದರೆ ಅದು ಎಲ್ಲಿಗೂ ಓಡಿಹೋಗುವಂಥದ್ದಲ್ಲ. ಕೊಲ್ಲಿನಾಡಿನ ಹೂರಾದ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬಳ್ಳಿ ಕಿಟಕಿಯ ಬದಿಯಿಂದ ಹೊರಟು, ಟಿವಿಯ ಮೇಲೆ ಹಾದು, ಯೇಸುವಿನ ಪಟಕ್ಕೆ ಒಂದು ಸುತ್ತು ಹಾಕಿ, ಅಡುಗೆಮನೆಯ ಬಾಗಿಲಿನವರೆಗೆ ಹಬ್ಬಿತ್ತು. ಹನ್ನೊಂದು ವರ್ಷ ಅವಳು ಸಾಕಿದ ಬಳ್ಳಿ. ಈಗ ಎಲೆಗಳೆಲ್ಲ ಜೋತುಬಿದ್ದಿದ್ದವು, ತುದಿಗಳು ಸುಟ್ಟಂತೆ ಕಪ್ಪಾಗಿದ್ದವು.

"ಎಂತ ಆಯ್ತು ಇದಕ್ಕೆ?"

"ಬಿಸಿಲು ಮಾರಾಯ್ತಿ. ಈ ವರ್ಷ ಆಗಸ್ಟ್ ಭಾರೀ ಜೋರು," ಎಂದ ಲ್ಯಾನ್ಸಿ. ಪರದೆ ಪೂರ್ತಿ ಎಳೆದಿತ್ತು, ಎಸಿ ಹಗಲೂ ರಾತ್ರಿ ಓಡುತ್ತಿತ್ತು, ಅವನು ಸೋಫಾದ ಮೇಲೆ ಹೊದಿಕೆ ಹೊದ್ದು ಕೂತಿದ್ದ.

ಕ್ಲೊಟಿಲ್ಡಾ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ ನರ್ಸು. ರಜೆಗೆ ಹೊರಡುವಾಗ ವಾರ್ಡಿನ ಪದ್ಧತಿಯಂತೆ ಫ್ರಿಜ್ಜಿನ ಬಾಗಿಲಿಗೆ ಎರಡು ಚಾರ್ಟು ಅಂಟಿಸಿದ್ದಳು: ತಾರೀಕು, ಹೊತ್ತು, ಡೋಸು, ಸಹಿ. ಮೊದಲನೆಯದು ಬಳ್ಳಿಯದು. ಹದಿನೈದು ದಿನಕ್ಕೊಮ್ಮೆ ಗೊಬ್ಬರ, ಒಂದು ಲೀಟರ್ ನೀರಿಗೆ ಅರ್ಧ ಚಮಚ, ಅದೂ ಮಣ್ಣಿಗೆ ಬರೀ ನೀರು ಹಾಕಿ ಒದ್ದೆ ಮಾಡಿದ ಮೇಲೆ. ಎರಡನೆಯದು ಲ್ಯಾನ್ಸಿಯದು. ಶುಗರ್ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ಮೇಲೆ. ಸಹಿ ಇಲ್ಲದಿದ್ದರೆ ಕೊಟ್ಟಿಲ್ಲ ಎಂದೇ ಅರ್ಥ, ಇದು ವಾರ್ಡಿನ ಕಾನೂನು. ಲ್ಯಾನ್ಸಿ ಅದನ್ನು ತನಗೆ ಬೇಕಾದಂತೆ ತಿರುಗಿಸಿಕೊಂಡಿದ್ದ: ಸಹಿ ಇದ್ದರೆ ಕೊಟ್ಟಂತೆಯೇ.

ಬಂದರಿನ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಆಫೀಸಿನಲ್ಲಿ ಹದಿನೈದು ವರ್ಷ ಕಾಗದಪತ್ರ ಸರಿಮಾಡಿ ಪಳಗಿದ ಕೈ ಅದು. ಒಂದು ಸಹಿ ನೀಲಿ, ಒಂದು ಕಪ್ಪು, ಒಂದು ಅವಸರದಲ್ಲಿ ಗೀಚಿದ ಹಾಗೆ. ನಡುವೆ ಒಂದು ಚಹಾದ ಕಲೆ ಸಹ ಬಿದ್ದಿತ್ತು. ಪ್ರತಿ ಶುಕ್ರವಾರ ಅವಳು ಫೋನು ಮಾಡಿ "ಗಿಡಕ್ಕೆ ಕೊಟ್ರಾ? ನೀವು ತಗೊಂಡ್ರಾ?" ಎಂದು ಕೇಳಿದಾಗ, ಚಾರ್ಟನ್ನು ಎದುರಿಗಿಟ್ಟುಕೊಂಡೇ "ಹ್ಞೂ, ಎಲ್ಲ ಕರೆಕ್ಟ್ ಉಂಟು" ಎನ್ನುತ್ತಿದ್ದ. ಸುಳ್ಳು ಹೇಳುವುದಾದರೂ ದಾಖಲೆ ನೋಡಿಯೇ ಹೇಳುವ ಶಿಸ್ತಿನ ಮನುಷ್ಯ.

ಕ್ಲೊಟಿಲ್ಡಾ ಚಾರ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಮಣ್ಣಿನ ಮೇಲೆ ಬಿಳಿಯಾಗಿ ಕೂತಿದ್ದ ಪದರವನ್ನು ಉಗುರಿನಿಂದ ಕೆರೆದು ಗಂಡನಿಗೆ ತೋರಿಸಿದಳು.

"ಇದು ಬಿಸಿಲಲ್ಲ, ಗೊಬ್ಬರದ ಉಪ್ಪು. ಮೂರು ಡೋಸು ಒಟ್ಟಿಗೆ ಸುರಿದಿದ್ದೀರಿ. ಅದೂ ಒಣ ಮಣ್ಣಿಗೆ. ಯಾವತ್ತು?"

ಲ್ಯಾನ್ಸಿ ರಿಮೋಟು ಹುಡುಕಿ ಎಸಿಯನ್ನು ಒಂದು ಡಿಗ್ರಿ ಇಳಿಸಿದ. "ಮಂಗಳವಾರ," ಎಂದ. "ನೀನು ಬರುವ ಮೊದಲು ಬಾಕಿ ಇಡಬಾರದು ಅಂತ. ಅದಕ್ಕೆ ಸಿಗಬೇಕಾದ್ದು ಸಿಕ್ಕಿತಲ್ಲ? ಸ್ವಲ್ಪ ಜಾಸ್ತಿಯೇ ಹಾಕಿದ್ದೇನೆ."

"ದೊಡ್ಡ ಉಪಕಾರ ಆಯ್ತು," ಎಂದಳು ಕ್ಲೊಟಿಲ್ಡಾ.

ನಲ್ಲಿಯಲ್ಲಿ ಬರುವುದು ತಾರಸಿಯ ಟ್ಯಾಂಕಿನಲ್ಲಿ ಕುದಿದ ನೀರು. ಬೇಸಿಗೆಯಲ್ಲಿ ತಣ್ಣೀರು ಬೇಕಿದ್ದರೆ ಸ್ವಿಚ್ಚು ಆರಿಸಿ ಒಳಗಿನ ನೀರು ತಣಿದ ಗೀಸರಿನ ನಲ್ಲಿಯನ್ನೇ ತಿರುಗಿಸಬೇಕು. ಅವಳು ಅದರಿಂದ ಬಕೆಟು ತುಂಬಿಸಿ ತಂದು, ಕುಂಡದಡಿ ಬೋಗುಣಿಯಿಟ್ಟು, ಮಗ್ಗಿನಿಂದ ನೀರು ಹೊಯ್ದು ಹೊಯ್ದು ಉಪ್ಪನ್ನು ತೊಳೆದಳು. ಮೂರನೆಯ ಬಕೆಟಿನ ಹೊತ್ತಿಗೆ ಅವಳ ಕೈ ನಿಂತಿತು.

"ಮಾತ್ರೆ?"

"ತಗೊಂಡಿದ್ದೇನೆ. ಸ್ಟ್ರಿಪ್ ನೋಡು, ಒಂದೂ ಇಲ್ಲ." ಇದಕ್ಕೆ ಮಾತ್ರ ಅವನು ತಡಮಾಡದೆ ಉತ್ತರಿಸಿದ. ಖಾಲಿ ಸ್ಟ್ರಿಪ್ಪುಗಳನ್ನು ರಬ್ಬರ್ ಬ್ಯಾಂಡು ಹಾಕಿ ಜೋಪಾನವಾಗಿ ಇಟ್ಟಿದ್ದ. ನಿಜವಾಗಿ ಮಾತ್ರೆ ನುಂಗಿದ ರೋಗಿಗಳು ಯಾರೂ ಅಷ್ಟು ಅಂದವಾಗಿ ಇಡುವುದಿಲ್ಲ ಎಂದು ಹದಿನೆಂಟು ವರ್ಷದ ನರ್ಸಿಗೆ ಗೊತ್ತಿತ್ತು.

ಅವಳು ಒಳಗಿನಿಂದ ಶುಗರ್ ನೋಡುವ ಯಂತ್ರ ತಂದಳು. ಲ್ಯಾನ್ಸಿ ಬೆರಳು ಚಾಚಿದ. ಯಂತ್ರಕ್ಕೆ ಪೆನ್ನಿನ ಬಣ್ಣದ ಪರಿವೆಯಿರಲಿಲ್ಲ. ಮುನ್ನೂರ ಹನ್ನೆರಡು ಎಂದಿತು.

"ಗಿಡಕ್ಕೆ ಒಟ್ಟಿಗೆ ಕುಡಿಸಿದ್ರಿ. ನಿಮ್ಮ ತೊಂಬತ್ತು ಮಾತ್ರೆ ಎಲ್ಲಿಗೆ ಹಾಕಿದ್ರಿ?"

"ಕಮೋಡಿಗೆ," ಎಂದ ಲ್ಯಾನ್ಸಿ ಮೆಲ್ಲಗೆ. "ಅದೂ ಮಂಗಳವಾರವೇ. ನಂಗೆ ಎಂತದೂ ಆಗ್ತಾ ಇರ್ಲಿಲ್ಲ ಕ್ಲೋಟಿ. ಆರಾಮಿದ್ದೆ."

"ನಿಮ್ಮ ಪಪ್ಪನೂ ಹಾಗೇ ಹೇಳ್ತಾ ಇದ್ರು. ಅವರ ಕಾಲಿಗೆ ಎರಡು ರಜೆ ಡ್ರೆಸ್ಸಿಂಗ್ ಮಾಡಿದವಳು ನಾನು. ಹೆಬ್ಬೆರಳ ತುದಿಯಿಂದಲೇ ಶುರುವಾದದ್ದು." ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. "ಮೂರನೇ ರಜೆಗೆ ಹೋದಾಗ ಡ್ರೆಸ್ಸಿಂಗ್ ಮಾಡ್ಲಿಕ್ಕೆ ಕಾಲೇ ಇರ್ಲಿಲ್ಲ."

ಲ್ಯಾನ್ಸಿ ಬೆರಳ ತುದಿಯ ರಕ್ತವನ್ನು ಹೊದಿಕೆಗೆ ಒರೆಸಿಕೊಂಡ. "ಬಳ್ಳಿ ಬದುಕ್ತದಾ?" ಎಂದು ಕೇಳಿದ.

"ಕಪ್ಪಾದ್ದನ್ನು ಕತ್ತರಿಸಿದ್ರೆ ಬದುಕ್ತದೆ."

ಅವಳು ಕತ್ತರಿಯನ್ನು ಸ್ಪಿರಿಟಿನಲ್ಲಿ ಒರೆಸಿ, ಕುರ್ಚಿ ಎಳೆದುಕೊಂಡು, ಯೇಸುವಿನ ಪಟದ ಬದಿಯಿಂದ ಶುರುಮಾಡಿದಳು. ಒಂದೊಂದೇ ತುದಿ ನೆಲಕ್ಕೆ ಬೀಳತೊಡಗಿತು. ಸೋಫಾದಲ್ಲಿ ಕೂತಿದ್ದ ಲ್ಯಾನ್ಸಿ ಹೊದಿಕೆಯಾಚೆ ಚಾಚಿದ್ದ ಎರಡೂ ಪಾದಗಳನ್ನು ಮೆಲ್ಲಗೆ ಒಳಗೆಳೆದುಕೊಂಡ.