ಅವ್ವ ಕರೆಯುತ್ತಿದ್ದ ಹೆಸರು

ಗೊತ್ತಲ್ಲ, ಬ್ಲಾಗಿನಲ್ಲಿ ಬರೆದದ್ದು ಬರೆದವರ ನೆನಪಿನಿಂದ ಅಳಿಸಿಹೋಗಿ ಓದಿದವರಲ್ಲಿ ಉಳಿಯುತ್ತದೆ. ಹಾಗಾಗಿ ವಾರವಿಡೀ ಬರೆದು ಹೊಟ್ಟೆ ಹೊರೆಯುವ ಬ್ಲಾಗಿಗರು ಭಾನುವಾರ ಓದುಗರ ಮನೆಗೆ ಹೋಗಿ ತಮ್ಮದೇ ಕಥೆ ಕೇಳಿ ಬರುತ್ತಾರೆ. ಮಹಾನಂದಾ ಗದಗಿನ ಶಿವಲೀಲಾಳ ಮನೆಗೆ ಬಂದದ್ದೂ ಅದಕ್ಕೇ. ತೀರಿಕೊಂಡ ತನ್ನ ಅವ್ವನನ್ನು ಮಹಾನಂದಾ ಬ್ಲಾಗಿನಲ್ಲಿ ಹದಿನಾಲ್ಕು ಕಂತುಗಳಲ್ಲಿ ಬರೆದು ಮುಗಿಸಿದ್ದಳು.

“ಬರ್ರಿ ಬ್ಲಾಗಿನಕ್ಕಾರ, ಮೊದಲ ಚಾ ಕುಡೀರಿ. ನಿಮ್ಮವ್ವಾರು ಕಂಡಕ್ಟರ್ ಕೂಡ ಜಗಳಾಡಿದ್ದು ಹೇಳ್ಲೇನು?”

“ಹೇಳ್ರಿ.”

“ಕೋಳಿಗೆ ಅರ್ಧ ಟಿಕೆಟ್ ಆದ್ರ ಅದಕ್ಕ ಅರ್ಧ ಸೀಟೂ ಕೊಡು ಅಂದ್ರಲ್ರೀ!” ಎಂದು ಶಿವಲೀಲಾ ತಾನೇ ಆ ಬಸ್ಸಿನಲ್ಲಿದ್ದವಳಂತೆ ನಕ್ಕಳು.

ಮಹಾನಂದಾಳೂ ನಕ್ಕಳು, ಬೇರೆ ಯಾರದೋ ಅವ್ವನ ಕಥೆ ಕೇಳಿದಂತೆ. ಆಮೇಲೆ ಮೆಲ್ಲಗೆ ಕೇಳಿದಳು: “ಅವ್ವ ನನಗ ಏನಂತ ಕರೀತಿದ್ಳು?”

“ಅದನ್ನ ನೀವು ಬರದೇ ಇಲ್ಲಲ್ರೀ. ಹದಿನಾಲ್ಕೂ ಕಂತು ನನಗ ಬಾಯಿಪಾಠ ಐತಿ.”

ಬರೆದಿಲ್ಲವೆಂದರೆ ತನ್ನಲ್ಲೇ ಇರಬೇಕು! ಎಲ್ಲವೂ ಹೋಯಿತೆಂದು ಒಳಗೆ ಹುಡುಕುವುದನ್ನೇ ಬಿಟ್ಟಿದ್ದ ಮಹಾನಂದಾ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನಲ್ಲಿ ಯಾರೋ ಕರೆದಂತೆ ‘ಓ’ ಎಂದಳು.

“ಸಿಕ್ಕತೇನ್ರೀ? ಏನಂತ ಕರೀತಿದ್ರು? ನನಗಷ್ಟ ಹೇಳ್ರಿ!”

“ಸಿಕ್ಕತು,” ಎಂದ ಮಹಾನಂದಾ, ಬಾಯಿಗೆ ಸೆರಗು ಒತ್ತಿಕೊಂಡು, ಹೇಳುವುದಿಲ್ಲವೆಂದು ತಲೆಯಾಡಿಸಿದಳು.